ಫಲಿತಾಂಶದ ಬೇಸಿಗೆ

ಊರ್ಮಿಳಾ ವಿಷಯ ತೆಗೆದದ್ದು ಭಾನುವಾರ ಮಧ್ಯಾಹ್ನ, ಎಲ್ಲರ ಬಟ್ಟಲಿಗೂ ಬಂಗುಡೆ ಸಾರು ಬಿದ್ದ ಮೇಲೆ.

“ಯೂನಿವರ್ಸಿಟಿಯಿಂದ ಕಾಗದ ಬಂದಿದೆ,” ಎಂದಳು. “ಈ ಸಲ ಪದವಿ ಪರೀಕ್ಷೆಯ ಫಲಿತಾಂಶ ಕಂಪ್ಯೂಟರಿನಲ್ಲಿ ತೆಗೀಬೇಕಂತೆ. ಅವರ ಹತ್ತಿರ ಮೆಷಿನ್ ಇಲ್ಲ. ಸುಳ್ಯದಲ್ಲಿ, ನಮ್ಮ ಕಾಲೇಜಿನಲ್ಲೇ ಮಾಡುದು. ನನ್ನನ್ನು ವಿಶೇಷಾಧಿಕಾರಿ ಅಂತ ಮಾಡಿದ್ದಾರೆ.”

ಮೀನಿನ ಮುಳ್ಳು ಬಿಡಿಸುತ್ತಿದ್ದ ಮಾವ ತ್ಯಾಂಪಣ್ಣ ರೈಗಳು ತಲೆ ಎತ್ತಲಿಲ್ಲ. “ಎಷ್ಟು ದಿವಸದ ಕೆಲಸ?”

“ಏಳು ವಾರ. ಜೂನ್ ಎಂಟಕ್ಕೆ ಫಲಿತಾಂಶ ಹೊರಗೆ ಬರಬೇಕು.”

“ಈಗಲೇ ನೀನು ಮನೆಗೆ ಬರುದು ಏಳು ಗಂಟೆಗೆ. ಇನ್ನು ಯಾವಾಗ ಬರುದು?”

ಊರ್ಮಿಳಾ ಗಂಡನ ಮುಖ ನೋಡಿದಳು. ಮಹಾಬಲ ಸಾರಿನ ಪಾತ್ರೆಗೆ ಕೈ ಚಾಚಿದ. ಪುತ್ತೂರು ಬಸ್‌ಸ್ಟ್ಯಾಂಡಿನ ಹತ್ತಿರ ಅವನದ್ದು ಪಂಪ್‌ಸೆಟ್ ರಿಪೇರಿ ಅಂಗಡಿ. ಮೋಟಾರು ಎಲ್ಲಿ ಕೆಟ್ಟಿದೆಯೆಂದು ಶಬ್ದದಲ್ಲೇ ಹೇಳುವವನು, ಅಪ್ಪನಿಗೂ ಹೆಂಡತಿಗೂ ಮಾತು ಬಿದ್ದರೆ ಕಿವಿಯೇ ಇಲ್ಲದವನಂತೆ ಕೂರುತ್ತಿದ್ದ.

ಅದು 1987. ಬೆಟ್ಟಂಪಾಡಿಯ ಊರ್ಮಿಳಾ ಗಣಿತದಲ್ಲಿ ಎಂ.ಎಸ್‌ಸಿ. ಮುಗಿಸಿ, ಮದುವೆಯಾಗಿ ಪುತ್ತೂರು ದರ್ಬೆಯ ಈ ಮನೆಗೆ ಬಂದು ಹತ್ತೊಂಬತ್ತು ವರ್ಷವಾಗಿತ್ತು. ಪುತ್ತೂರಿನಲ್ಲಿ ಪಾಠ ಮಾಡುತ್ತಿದ್ದವಳು 1975ರಲ್ಲಿ, ಮಗಳು ವಿನೋದಾಳಿಗೆ ಐದು ವರ್ಷವಿದ್ದಾಗ, ಕಂಪ್ಯೂಟರ್ ಕಲಿಯಲೆಂದು ಒಂದು ವರ್ಷ ಕಾನ್ಪುರಕ್ಕೆ ಹೋಗಿದ್ದಳು. ಆ ವರ್ಷ ಮಾವ ಅವಳ ಒಂದು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಅತ್ತೆ ಸೀತಕ್ಕನಿಗೆ ಬರೆಯಲು ಬರುತ್ತಿರಲಿಲ್ಲ. ಅವರು ಮಗುವಿನ ತಲೆ ಬಾಚಿ ಶಾಲೆಗೆ ಕಳಿಸುತ್ತಾ ವರ್ಷ ಕಳೆದರು. ಆಮೇಲೆ ಸುಳ್ಯದಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆದಾಗ ಕಂಪ್ಯೂಟರ್ ವಿಭಾಗ ಕಟ್ಟಲು ಊರ್ಮಿಳಾಳನ್ನೇ ಕರೆದರು. ಅಲ್ಲಿ ಅವಳ ಕೈಕೆಳಗೆ ನಾಲ್ಕು ಮಂದಿ ಅಧ್ಯಾಪಕರು. ಮನೆಯಲ್ಲಿ ಮಾತ್ರ ಬೆಳಿಗ್ಗೆ ಐದಕ್ಕೆ ಎದ್ದು ದೋಸೆಗೆ ರುಬ್ಬಿ, ನೀರು ಸೇದಿ, ಅಂಗಳ ಗುಡಿಸಿ ಏಳೂಕಾಲರ ಬಸ್ಸಿಗೆ ಓಡುವುದು ಬದಲಾಗಿರಲಿಲ್ಲ.

“ಹೋದ ವರ್ಷ ಫಲಿತಾಂಶ ಯಾವಾಗ ಬಂತು ಗೊತ್ತುಂಟಾ ಮಾವ?” ಎಂದಳು. “ಸೆಪ್ಟೆಂಬರಿನಲ್ಲಿ. ಅಷ್ಟೊತ್ತಿಗೆ ಬಿ.ಎಡ್. ಸೀಟು ಮುಗಿದು ಎರಡು ತಿಂಗಳು. ಕೊಲ್ಲಮೊಗ್ರಿನ ದೇವಮ್ಮ ಅಂತ ಒಬ್ಬಳು ನನ್ನ ಹತ್ತಿರ ಬರ್ತಿದ್ದಳು. ಫಸ್ಟ್ ಕ್ಲಾಸು. ಸೀಟು ಸಿಗದೆ ಮನೆಯಲ್ಲಿ ಕೂತಳು. ಮೊನ್ನೆ ಮದುವೆ ಮಾಡಿಬಿಟ್ರು. ಟೀಚರ್ ಆಗಬೇಕಾದವಳು.”

“ಅದಕ್ಕೆ ನೀನು ಎಂತ ಮಾಡುದು?”

“ಅದಕ್ಕೇ ಒಪ್ಪಿಕೊಂಡದ್ದು.”

ತ್ಯಾಂಪಣ್ಣ ರೈಗಳು ಈಗ ತಲೆ ಎತ್ತಿದರು. ಮೂವತ್ತನಾಲ್ಕು ವರ್ಷ ರೆವಿನ್ಯೂ ಇಲಾಖೆಯಲ್ಲಿದ್ದು ಶಿರಸ್ತೇದಾರರಾಗಿ ನಿವೃತ್ತರಾದವರು. ತಮ್ಮ ಎದುರು ಅರ್ಜಿ ಬರಬೇಕು, ಆಮೇಲೆ ಅಪ್ಪಣೆ ಹೋಗಬೇಕು ಎನ್ನುವುದು ಅವರ ರೂಢಿ. “ಒಪ್ಪಿಕೊಂಡಾಯ್ತಾ? ಹಾಗಾದ್ರೆ ನನ್ನ ಹತ್ತಿರ ಕೇಳುದು ಎಂತಕ್ಕೆ?”

“ಕೇಳಿದ್ದಲ್ಲ ಮಾವ. ಹೇಳಿದ್ದು.”

ವಿನೋದಾ ಅನ್ನದ ಕೈ ಬಾಯಿಯ ಹತ್ತಿರವೇ ನಿಲ್ಲಿಸಿದಳು. ಅಜ್ಜ ಅರ್ಧ ಊಟ ಬಿಟ್ಟು ಎದ್ದು ಹೋಗಿ ಕೈ ತೊಳೆದರು. ಸೀತಕ್ಕ ಬಟ್ಟಲು ಎತ್ತಿಕೊಂಡು ಅಡುಗೆ ಮನೆಗೆ ನಡೆದರು.

ಕೆಲಸ ಮೇ ನಾಲ್ಕಕ್ಕೆ ಶುರುವಾಗಬೇಕಿತ್ತು. ಹದಿನಾಲ್ಕು ಸಾವಿರ ವಿದ್ಯಾರ್ಥಿಗಳು, ಒಬ್ಬೊಬ್ಬರಿಗೆ ಏಳೆಂಟು ವಿಷಯ. ಮೌಲ್ಯಮಾಪಕರು ತುಂಬಿದ ಅಂಕದ ಹಾಳೆಗಳನ್ನು ಒಬ್ಬಳು ಕೀಲಿಮಣೆಯಲ್ಲಿ ಹೊಡೆಯುವುದು, ಅದೇ ಹಾಳೆಯನ್ನು ಇನ್ನೊಬ್ಬಳು ಬೇರೆಯಾಗಿ ಹೊಡೆಯುವುದು, ಎರಡೂ ತಾಳೆಯಾದರೆ ಮಾತ್ರ ಮೆಷಿನ್ ಒಳಗೆ ತೆಗೆದುಕೊಳ್ಳುವುದು. ಪ್ರೋಗ್ರಾಮನ್ನು ಊರ್ಮಿಳಾಳೇ ಬರೆದಿದ್ದಳು. ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ, ಮಡಿಲಲ್ಲಿ ಚೀಲ ಇಟ್ಟುಕೊಂಡು ಅದರ ಮೇಲೆ ಕಾಗದ ಹರಡಿ ಬರೆದದ್ದು.

ತೊಂದರೆ ಬಂದದ್ದು ಕರೆಂಟಿನಿಂದ. ಸುಳ್ಯದಲ್ಲಿ ಬೇಸಿಗೆಯ ವೋಲ್ಟೇಜು ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ ಸರಿ ಇರುತ್ತಿತ್ತು. ಆಮೇಲೆ ಅದರ ಮನಸ್ಸು. ಆರಕ್ಕೆ ಕೆಲಸ ಶುರುವಾಗಬೇಕಾದರೆ ಹುಡುಗಿಯರು ಸುಳ್ಯದಲ್ಲೇ ಉಳಿಯಬೇಕು. ಪುತ್ತೂರಿನ ಟೈಪಿಂಗ್ ಶಾಲೆಯಿಂದ ಆರು ಮಂದಿಯನ್ನು ಆರಿಸಿದ್ದಳು. ಕಾಲೇಜಿನ ಹಿಂದೆ ಖಾಲಿ ಇದ್ದ ಒಂದು ಹಂಚಿನ ಮನೆಯನ್ನು ಅವರಿಗೆಂದು ಬಿಡಿಸಿಕೊಂಡಿದ್ದಳು. ಆದರೆ ಹುಡುಗಿಯರ ಮನೆಯವರು ಒಬ್ಬರೂ ಕಳಿಸಲು ಒಪ್ಪಲಿಲ್ಲ.

“ಎಲ್ಲರದ್ದೂ ಒಂದೇ ಪ್ರಶ್ನೆ,” ಎಂದು ಅವಳು ಗುರುವಾರ ಸಂಜೆ ಗಂಡನಿಗೆ ಹೇಳಿದಳು. “ಮನೆಯಲ್ಲಿ ದೊಡ್ಡವರು ಯಾರುಂಟು ಅಂತ. ನಾನು ಇರ್ತೇನೆ ಅಂದೆ. ನೀವು ಮೆಷಿನಿನ ಹತ್ತಿರ ಇರುವವರು, ಮನೆಯಲ್ಲಿ ಯಾರು ಅಂತಾರೆ. ಕಬಕದ ನೆಬೀಸ ಉಂಟಲ್ಲ, ಅವಳಷ್ಟು ವೇಗ ಇನ್ನೊಬ್ಬರಿಗಿಲ್ಲ. ಅವಳ ತಾಯಿ ಮೈಮೂನಮ್ಮ ಬಾಗಿಲಲ್ಲೇ ನಿಲ್ಲಿಸಿ ಆಗುದಿಲ್ಲ ಅಂದ್ರು.”

“ಮತ್ತೆ ಎಂತ ಮಾಡ್ತೀ?”

“ಸೋಮವಾರಕ್ಕೆ ಜನ ಸಿಗದಿದ್ರೆ ವಾಪಸ್ ಕೊಡುದು. ಬೇರೆ ದಾರಿ ಇಲ್ಲ.”

ಜಗಲಿಯಲ್ಲಿ ಪೇಪರು ಓದುತ್ತಿದ್ದ ಮಾವನಿಗೆ ಅದು ಕೇಳಿಸಿತು. “ಒಳ್ಳೆದಾಯ್ತು,” ಎಂದರು. “ಕೊಟ್ಟುಬಿಡು. ಮನೆಯಲ್ಲಿ ಬೇಕಾದಷ್ಟು ಕೆಲಸ ಉಂಟು.”

ಒಳಗೆ ಬಸಳೆ ಸೋಸುತ್ತಿದ್ದ ಸೀತಕ್ಕನ ಕೈ ಒಮ್ಮೆ ನಿಂತು ಮತ್ತೆ ನಡೆಯಿತು.

ಮರುದಿನ ಊರ್ಮಿಳಾ ಬಸ್ಸು ಹತ್ತಿದ ಮೇಲೆ ಸೀತಕ್ಕ ಒಗೆದ ಸೀರೆ ಉಟ್ಟು, ಮೊಮ್ಮಗಳನ್ನು ಜೊತೆಗೆ ಕರೆದುಕೊಂಡು ಕಬಕಕ್ಕೆ ಹೋದರು. ಮೈಮೂನಮ್ಮ ಜಗಲಿಯಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಹಿಂದೆ ತಲೆಯ ಮೇಲೆ ಬುಟ್ಟಿ ಹೊತ್ತು ದರ್ಬೆಗೆ ಮೊಟ್ಟೆ ಮಾರಲು ಬರುತ್ತಿದ್ದವಳು. ಸೀತಕ್ಕನನ್ನು ನೋಡಿ ಎದ್ದು ಮಣೆ ಹಾಕಿದಳು.

“ಸೊಸೆ ಕಳಿಸಿದ್ರಾ?”

“ಅವಳಿಗೆ ನಾನು ಬಂದದ್ದೇ ಗೊತ್ತಿಲ್ಲ. ನಿನ್ನ ಮಗಳನ್ನು ಕೇಳ್ಲಿಕ್ಕೆ ಬಂದದ್ದು.”

“ಸೀತಕ್ಕ, ರಂಜಾನಿನ ನೋಂಬಿನ ತಿಂಗಳು ಇದು. ಬೆಳಗಾಗುವ ಮೊದಲು ಊಟ ಆಗಬೇಕು, ಸಂಜೆ ನೋಂಬು ಬಿಡ್ಬೇಕು. ಪರವೂರಿನಲ್ಲಿ ಅವಳಿಗೆ ಯಾರು ಬೇಯಿಸಿ ಹಾಕ್ತಾರೆ? ಜನ ಎಂತ ಹೇಳ್ತಾರೆ?”

“ನಾನು ಹಾಕ್ತೇನೆ.”

“ನೀವಾ?”

“ನಾನು ಅಲ್ಲಿ ಹೋಗಿ ಇರ್ತೇನೆ. ಹುಡುಗಿಯರೆಲ್ಲ ನನ್ನ ಹತ್ತಿರವೇ ಮಲಗುದು. ನಮಾಜಿಗೆ ಒಂದು ಕೋಣೆ ಬಿಟ್ಟುಕೊಡ್ತೇನೆ. ಕೋಳಿ ಮಾಡುದಿಲ್ಲ, ಮೀನು ಮಾತ್ರ. ಅದನ್ನು ಅವಳು ಉಣ್ಬಹುದಲ್ಲ?”

ಮೈಮೂನಮ್ಮ ಮೊರದಲ್ಲಿದ್ದ ಎಲೆಗಳನ್ನು ಸುಮ್ಮನೆ ಸರಿಮಾಡಿದಳು. “ರೈಗಳು ಬಿಡ್ತಾರಾ ನಿಮ್ಮನ್ನು?”

“ಅದು ನನ್ನ ಮನೆಯ ಸಂಗತಿ. ನೀನು ನಿನ್ನದು ಹೇಳು.”

ಒಳಬಾಗಿಲಿನ ಹಿಂದೆ ನಿಂತಿದ್ದ ನೆಬೀಸ ಎಲ್ಲವನ್ನೂ ಕೇಳುತ್ತಿದ್ದಳು. ತಾಯಿ ಒಳಗೆ ತಿರುಗಿ, “ಪೆರ್ನಾಲು ಹಬ್ಬಕ್ಕೆ ಎರಡು ದಿವಸ ಮೊದಲೇ ಮನೆಗೆ ಬರ್ಬೇಕು,” ಎಂದಳು.

ನೆಬೀಸಳ ತಾಯಿಯೇ ಒಪ್ಪಿದ್ದಾಳೆ ಎಂದಾಗ ಉಳಿದವರಿಗೆ ಹೇಳಲು ಏನೂ ಉಳಿಯಲಿಲ್ಲ. ಸಂಜೆಯೊಳಗೆ ಅಜ್ಜಿ ಮೊಮ್ಮಗಳು ಉಳಿದ ಐದು ಮನೆ ತಿರುಗಿ ಆರೂ ಹುಡುಗಿಯರನ್ನು ಒಪ್ಪಿಸಿ ಬಂದಿದ್ದರು.

ಮನೆಯಲ್ಲಿ ಸೀತಕ್ಕ ವಿಷಯ ಹೇಳಿದಾಗ ತ್ಯಾಂಪಣ್ಣ ರೈಗಳಿಗೆ ಮೊದಲು ಅರ್ಥವೇ ಆಗಲಿಲ್ಲ.

“ಯಾರು ಹೋಗುದು?”

“ನಾನು. ಸುಳ್ಯಕ್ಕೆ.”

“ಈ ಮನೆಯಲ್ಲಿ ಅಡುಗೆ?”

“ನೀವು ಮೂರು ಜನ ಇದ್ದೀರಿ. ಅಕ್ಕಿ ಡಬ್ಬದಲ್ಲಿ ಉಂಟು. ಒಣಮೀನು ಕಟ್ಟಿ ಇಟ್ಟಿದ್ದೇನೆ. ಉಪ್ಪಿನಕಾಯಿ ಭರಣಿಯಲ್ಲಿ.”

“ನಿನಗೆ ಅರವತ್ತೆಂಟು ವರ್ಷ. ನಿನಗೆ ತಲೆ ಸರಿ ಉಂಟಾ?”

“ಐವತ್ತು ವರ್ಷ ನಿಮಗೆ ಅಡುಗೆ ಮಾಡಿ ಹಾಕಿದೆ,” ಸೀತಕ್ಕನ ದನಿ ಏರಲಿಲ್ಲ. “ಅದರಿಂದ ಯಾರಿಗಾದ್ರೂ ಸೀಟು ಸಿಕ್ಕಿದ್ದು ನನಗೆ ಗೊತ್ತಿಲ್ಲ. ಈ ಒಂದು ತಿಂಗಳು ಮಾಡುದರಿಂದ ಸಿಗ್ತದಂತೆ. ಹೋಗಿ ನೋಡ್ತೇನೆ.”

ಊರ್ಮಿಳಾ ಬಾಗಿಲಲ್ಲೇ ನಿಂತಿದ್ದಳು. ಆಗಷ್ಟೇ ಬಸ್ಸಿಳಿದು ಬಂದವಳ ಕೈಯಲ್ಲಿ ಚೀಲ ಹಾಗೇ ಇತ್ತು. “ಮಾಮಿ, ನೀವು ಎಂತ ಹೇಳ್ತಿದ್ದೀರಿ?”

“ನಿನ್ನ ಹುಡುಗಿಯರು ಆರು ಜನವೂ ಬರ್ತಾರೆ. ಸೋಮವಾರ ಎಷ್ಟು ಗಂಟೆಗೆ ಬಸ್ಸು ಹೇಳು.”

ಊರ್ಮಿಳಾ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಕಾನ್ಪುರಕ್ಕೆ ಹೊರಟಾಗ ಅಳದಿದ್ದವಳು ಆಗ ಅತ್ತಳು.

ಸುಳ್ಯದ ಹಂಚಿನ ಮನೆಯಲ್ಲಿ ಎಂಟು ಮಂದಿ ಹೆಂಗಸರು ಸಂಸಾರ ಹೂಡಿದರು. ಸೀತಕ್ಕ ಬೆಳಕು ಹರಿಯುವ ಮೊದಲೇ ಎದ್ದು ನೆಬೀಸಳಿಗೆ ಬಡಿಸಿ, ಉಳಿದವರಿಗೆ ನೀರುದೋಸೆ ಎರೆದು, ಆರಕ್ಕೆ ಮೊದಲು ಎಲ್ಲರನ್ನೂ ಕಾಲೇಜಿಗೆ ಅಟ್ಟುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುವ ಆ ತಣ್ಣಗಿನ ಕಂಪ್ಯೂಟರ್ ಕೋಣೆಗೆ ಒಂದು ದಿನ ಅವರೂ ಹೋದರು. ಸೊಸೆ ಒಂದು ಪರದೆಯಿಂದ ಇನ್ನೊಂದಕ್ಕೆ ನಡೆಯುತ್ತಾ, ಬಗ್ಗಿ ನೋಡುತ್ತಾ, ಒಬ್ಬಳ ಬೆನ್ನು ತಟ್ಟಿ ಇನ್ನೊಬ್ಬಳಿಗೆ ತಪ್ಪು ತೋರಿಸುತ್ತಾ ಇದ್ದಳು. ಗಡ್ಡ ಬಿಟ್ಟ ಇಬ್ಬರು ಅಧ್ಯಾಪಕರು ಅವಳು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು.

“ಮನೆಯಲ್ಲಿ ಇವಳು ಇಷ್ಟು ಮಾತಾಡುದೇ ಇಲ್ಲ,” ಎಂದು ಸೀತಕ್ಕ ನೆಬೀಸಳಿಗೆ ಹೇಳಿದರು.

ದರ್ಬೆಯಲ್ಲಿ ಬೇರೆಯೇ ಕಥೆ. ಮೊದಲ ದಿನವೇ ಅಜ್ಜ ವಿನೋದಾಳನ್ನು ಅಡುಗೆ ಮನೆಗೆ ಕಳಿಸಲು ನೋಡಿದರು.

“ಮೂರು ಜನ ಅಲ್ವಾ ಅಜ್ಜ? ಒಬ್ಬೊಬ್ಬರಿಗೆ ಒಂದು ದಿವಸ,” ಎಂದಳು ಅವಳು. ಪಿ.ಯು.ಸಿ. ಮುಗಿಸಿದ ಹುಡುಗಿ, ಮಾತಿನಲ್ಲಿ ತಾಯಿಯನ್ನೇ ಹೋಲುತ್ತಿದ್ದಳು.

“ನಾನು? ಅಡುಗೆ?”

“ಅಪ್ಪ ಮಾಡ್ತಾರಂತೆ.”

ಮಹಾಬಲ ನಿಜವಾಗಿಯೂ ಮಾಡಿದ. ಮೊದಲ ದಿನದ ಹುರುಳಿ ಸಾರಿಗೆ ಉಪ್ಪು ಹಾಕಿರಲಿಲ್ಲ, ಎರಡನೇ ಸರದಿಯದ್ದಕ್ಕೆ ಎರಡು ಸಲ ಹಾಕಿದ್ದ. ವಾರ ಕಳೆಯುವುದರೊಳಗೆ ಬಂಗುಡೆ ಹುರಿಯಲು ಕಲಿತು, ಅಂಗಡಿಯಲ್ಲಿ ಗಿರಾಕಿಗಳಿಗೆಲ್ಲ ಅದರ ಕ್ರಮ ಹೇಳತೊಡಗಿದ. ತ್ಯಾಂಪಣ್ಣ ರೈಗಳು ತಮ್ಮ ಸರದಿಯ ದಿನ ಹೋಟೆಲಿಗೆ ಹೋದರು. ಮೂರು ವಾರ ಸರದಿ ಬಂದಾಗಲೆಲ್ಲ ಹೋಟೆಲಿನಲ್ಲಿ ಉಂಡು ಹೊಟ್ಟೆ ಕೆಟ್ಟಿತು. ಮುಂದಿನ ಸರದಿಗೆ ಗಂಜಿಗಿಟ್ಟು, ಪೇಪರು ಓದುತ್ತಾ ಕೂತು, ಪಾತ್ರೆಯ ತಳ ಕರಕಲು ಮಾಡಿದರು.

“ಇದನ್ನು ತಿಕ್ಕುದು ಯಾರು?” ಎಂದಳು ಮೊಮ್ಮಗಳು.

ಅವರು ತಿಕ್ಕಿದರು. ಬೂದಿ, ತೆಂಗಿನ ನಾರು ಹಿಡಿದು ಬಾವಿಕಟ್ಟೆಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತ ಶಿರಸ್ತೇದಾರರನ್ನು ಪಕ್ಕದ ಮನೆಯವರೂ ನೋಡಿದರು. ಮರುದಿನ ಬೆಳಿಗ್ಗೆ ಅವರು ಕೊಡೆ ಹಿಡಿದು ಸುಳ್ಯದ ಬಸ್ಸು ಹತ್ತಿದರು. ಹೆಂಡತಿಯನ್ನು ಕರೆದುಕೊಂಡು ಬರುವುದೆಂದು ತೀರ್ಮಾನಿಸಿಯೇ ಹೊರಟಿದ್ದರು.

ಅದು ಮೇ ಕೊನೆಯ ವಾರ. ಅಂಕಗಳನ್ನು ಒಳಗೆ ಹಾಕುವ ಕೆಲಸ ಮುಗಿಯುತ್ತಾ ಬಂದಿತ್ತು. ನೆಬೀಸ ಪೆರ್ನಾಲಿಗೆ ಊರಿಗೆ ಹೋಗಿದ್ದಳು. ಮೆಷಿನ್ ಒಂದೊಂದು ಕಾಲೇಜಿನ ಪಟ್ಟಿಯನ್ನು ಅಚ್ಚು ಹಾಕಿ ಹೊರಗೆ ಬಿಡುತ್ತಿತ್ತು. ಅದನ್ನು ಕಣ್ಣಿನಲ್ಲಿ ನೋಡಿ ಸಹಿ ಹಾಕಲು ವಿಶ್ವವಿದ್ಯಾನಿಲಯ ಇಬ್ಬರು ನಿವೃತ್ತ ಅಧಿಕಾರಿಗಳನ್ನು ಕಳಿಸಬೇಕಿತ್ತು. ಒಬ್ಬರು ಬಂದಿದ್ದರು. ಇನ್ನೊಬ್ಬರು ಜ್ವರವೆಂದು ತಂತಿ ಕೊಟ್ಟಿದ್ದರು. ಪರೀಕ್ಷಾ ವಿಭಾಗದ ಹಿರಿಯರೊಬ್ಬರು ಫೋನಿನಲ್ಲಿ ಸಿಕ್ಕಿ, “ಮೇಡಂ, ಕೈಯಲ್ಲೇ ಪಟ್ಟಿ ಬರೆಯುವ ನಮ್ಮ ಜನ ತಯಾರಾಗಿ ಕೂತಿದ್ದಾರೆ. ಎಂಟಕ್ಕೆ ನಿಮ್ಮಿಂದ ಆಗದಿದ್ರೆ ಒಂಬತ್ತಕ್ಕೆ ನಾವು ಪೆನ್ನು ಹಿಡಿಯುದು,” ಎಂದಿದ್ದರು.

ಊರ್ಮಿಳಾ ಫೋನಿಟ್ಟು ಹೊರಗೆ ಬಂದರೆ ಮೆಟ್ಟಿಲಲ್ಲಿ ಮಾವ. ಅವಳು ಅವರ ಬಿಳಿ ಅಂಗಿಯನ್ನೂ ಜೇಬಿನ ಕನ್ನಡಕವನ್ನೂ ಒಮ್ಮೆ ನೋಡಿದಳು.

“ಮಾವ, ನಿಮಗೆ ಒಂದು ಕೆಲಸ ಉಂಟು.”

“ನಾನು ಸೀತುವನ್ನು ಕರ್ಕೊಂಡು ಹೋಗ್ಲಿಕ್ಕೆ ಬಂದದ್ದು.”

“ಅದು ಆಮೇಲೆ. ನಿವೃತ್ತ ಸರ್ಕಾರಿ ಅಧಿಕಾರಿ ಬೇಕು. ಮನೆಯಲ್ಲಿ ಯಾರೂ ಈ ಪರೀಕ್ಷೆ ಬರೆದಿರಬಾರದು. ರಿಜಿಸ್ಟರು ಓದ್ಲಿಕ್ಕೆ ಬರ್ಬೇಕು. ಈ ಮೂರೂ ಇದ್ದವರು ಈಗ ನನ್ನ ಎದುರು ನೀವೊಬ್ಬರೇ.”

ಅವಳು ಅಲ್ಲೇ ಕುಲಪತಿಗಳಿಗೆ ಫೋನು ಮಾಡಿ ಬಂದವರು ತನ್ನ ಮಾವನೆಂಬುದನ್ನೂ ಹೇಳಿ, ಒಪ್ಪಿಗೆ ಪಡೆದಳು. ಗುಟ್ಟು ಬಿಟ್ಟುಕೊಡುವುದಿಲ್ಲವೆಂಬ ಕಾಗದವನ್ನು ರೈಗಳ ಮುಂದಿಟ್ಟಳು. ಅವರು ಅದನ್ನು ಎರಡು ಸಲ ಓದಿ, ಒಂದು ಕಡೆ ಅಲ್ಪವಿರಾಮ ತಪ್ಪಿದೆಯೆಂದು ತೋರಿಸಿ, ಸಹಿ ಹಾಕಿದರು. ಸೊಸೆಯ ಕೆಲಸಕ್ಕೆ ಅವರು ಕೈ ಹಾಕಿದ್ದು ಅದೇ ಮೊದಲು.

ಮೂರನೆಯ ದಿನ ಮಧ್ಯಾಹ್ನ, ಸೀತಕ್ಕ ಬುತ್ತಿ ತಂದಾಗ, ರೈಗಳು ಊಟಕ್ಕೆ ಏಳಲಿಲ್ಲ. ಒಂದು ಪಟ್ಟಿಯ ಮೇಲೆ ಬೆರಳಿಟ್ಟು ಕೂತಿದ್ದರು.

“ಊರ್ಮಿಳಾ, ಇಲ್ಲಿ ಬಾ. ಇದು ಕಡಬ ಕಡೆಯ ಕಾಲೇಜು ಅಲ್ವಾ?”

“ಹೌದು. ಎರಡನೇ ವರ್ಷದ ಬಿ.ಎ.”

“ನಾನು ಕಡಬದಲ್ಲಿ ಆರು ವರ್ಷ ಇದ್ದವ. ಇಲ್ಲಿ ನೋಡು. ಐವತ್ತೆಂಟು ಮಕ್ಕಳು. ಎಲ್ಲರಿಗೂ ಇಂಗ್ಲಿಷಿನಲ್ಲಿ ಅರವತ್ತು, ಎಪ್ಪತ್ತು. ಕನ್ನಡದಲ್ಲಿ ಅರ್ಧಕ್ಕರ್ಧ ಜನ ಫೇಲು. ಇದು ಹೇಗೆ ಆಗ್ತದೆ?”

ಊರ್ಮಿಳಾ ಪಟ್ಟಿ ತೆಗೆದುಕೊಂಡಳು. ಮೂಲ ಹಾಳೆಗಳನ್ನು ತರಿಸಿದಳು. ಆ ಹಾಳೆ ಹಳೆಯ ಮುದ್ರಣದ್ದು. ಅದರಲ್ಲಿ ಕನ್ನಡದ ಕಾಲಂ ಮೊದಲು, ಇಂಗ್ಲಿಷಿನದ್ದು ಆಮೇಲೆ. ಹೊಸ ಹಾಳೆಯಲ್ಲಿ ಅದು ತಿರುಗುಮುರುಗು. ಹುಡುಗಿಯರಿಬ್ಬರೂ ಹೊಸ ಕ್ರಮದಲ್ಲೇ ಹೊಡೆದಿದ್ದರು, ಎರಡೂ ತಾಳೆಯಾಗಿತ್ತು, ಮೆಷಿನ್ ಒಪ್ಪಿಕೊಂಡಿತ್ತು.

“ತಪ್ಪು ನನ್ನದು,” ಎಂದಳು. “ಹಾಳೆಯಲ್ಲಿ ಎರಡು ತರ ಉಂಟು ಅಂತ ನಾನು ಮೊದಲೇ ನೋಡ್ಬೇಕಿತ್ತು. ಇದು ಹೊರಗೆ ಹೋಗಿದ್ರೆ ಕನ್ನಡದಲ್ಲಿ ಪಾಸಾದ ಮಕ್ಕಳು ಮತ್ತೆ ಕನ್ನಡವನ್ನೇ ಬರೀಬೇಕಿತ್ತು. ಕಂಪ್ಯೂಟರನ್ನು ಯಾರೂ ಮತ್ತೆ ಮುಟ್ಟುತ್ತಿರಲಿಲ್ಲ.”

“ಅದು ಆಮೇಲೆ. ಇನ್ನು ಎಷ್ಟು ಕಾಲೇಜಿನಲ್ಲಿ ಹಳೆ ಹಾಳೆ ಉಂಟು, ಅದನ್ನು ಹುಡುಕು.”

ಒಟ್ಟು ಐದು ಕಾಲೇಜು, ನಾನ್ನೂರು ಚಿಲ್ಲರೆ ಮಕ್ಕಳು. ದಿನ ಉಳಿದದ್ದು ಒಂಬತ್ತು, ಅದರಲ್ಲಿ ಎರಡು ದಿನ ಸುಳ್ಯದಲ್ಲಿ ಕರೆಂಟೇ ಇರಲಿಲ್ಲ. ಕಬಕಕ್ಕೆ ಸುದ್ದಿ ಹೋದಾಗ ಮೈಮೂನಮ್ಮ ಹಬ್ಬದ ಪಲಹಾರದ ಪೊಟ್ಟಣ ಕಟ್ಟಿ ಮಗಳನ್ನು ತಾನೇ ಬಸ್ಸಿಗೆ ಹತ್ತಿಸಿದಳು. ಮಹಾಬಲ ಅಂಗಡಿ ಮುಚ್ಚಿ, ಜೀಪಿನಲ್ಲಿ ಒಂದು ಡೀಸೆಲ್ ಜನರೇಟರ್ ಹೇರಿಕೊಂಡು ಬಂದ. ಯಾರೂ ಅವನನ್ನು ಕರೆದಿರಲಿಲ್ಲ.

“ಇದರಲ್ಲಿ ವೋಲ್ಟೇಜು ಕುಣಿಯುದಿಲ್ಲ,” ಎಂದ ಹೆಂಡತಿಗೆ. “ನಾನು ಇಲ್ಲೇ ಕೂತು ನೋಡ್ಕೊಳ್ತೇನೆ. ನೀನು ಒಳಗೆ ನಡಿ.”

ತ್ಯಾಂಪಣ್ಣ ರೈಗಳು ಎಲ್ಲ ಪಟ್ಟಿಗಳನ್ನೂ ಮೊದಲಿನಿಂದ ಮತ್ತೆ ನೋಡಿದರು. ಕಣ್ಣು ಉರಿಯುತ್ತದೆಂದರೆ ಸೀತಕ್ಕ ಬಟ್ಟೆ ಒದ್ದೆ ಮಾಡಿ ಕೊಡುತ್ತಿದ್ದರು. ಹೆಂಡತಿಯನ್ನು ಊರಿಗೆ ಕರೆದೊಯ್ಯುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಜೂನ್ ಏಳರ ಸಂಜೆ ಪಟ್ಟಿಗಳು ಹೊರಟವು. ಎಂಟಕ್ಕೆ, ಸೋಮವಾರ, ಎಲ್ಲ ಕಾಲೇಜುಗಳ ಹಲಗೆಯ ಮೇಲೆ ಫಲಿತಾಂಶ ಬಂತು. ಪುತ್ತೂರಿನಲ್ಲಿ ಆ ದಿನ ಮಳೆ ಹಿಡಿದಿತ್ತು. ಕೊಡೆಗಳ ಗುಂಪಿನ ನಡುವೆ ನೆಬೀಸಳೂ ವಿನೋದಾಳೂ ನಿಂತು ನೋಡಿದರು. ಒಬ್ಬ ಹುಡುಗಿ ತನ್ನ ನಂಬರಿನ ಮೇಲೆ ಬೆರಳಿಟ್ಟು, “ಬಿ.ಎಡ್.ಗೆ ಅರ್ಜಿ ಹಾಕ್ಲಿಕ್ಕೆ ಇನ್ನೂ ಹದಿನೈದು ದಿವಸ ಉಂಟು,” ಎಂದು ತಂದೆಗೆ ಹೇಳುತ್ತಿದ್ದಳು.

“ಆ ನಂಬರು ನಾನು ಹೊಡೆದದ್ದಿರಬಹುದು,” ಎಂದಳು ನೆಬೀಸ ಮೆಲ್ಲಗೆ.

ಮರುಮೌಲ್ಯಮಾಪನಕ್ಕೆ ಅರ್ಜಿಗಳು ಬಂದವು. ಕೂಡುವುದರಲ್ಲಿ ತಪ್ಪಾಗಿದೆ ಎಂಬ ದೂರು ಒಂದೂ ಬರಲಿಲ್ಲ. ಜುಲೈ ಕೊನೆಗೆ ವಿಶ್ವವಿದ್ಯಾನಿಲಯದಿಂದ ಇನ್ನೊಂದು ಕಾಗದ ಬಂತು. ಊರ್ಮಿಳಾಳನ್ನು ಪರೀಕ್ಷಾಂಗ ಕುಲಸಚಿವೆಯಾಗಿ ನೇಮಿಸಿದ್ದರು. ಆ ಕುರ್ಚಿಯಲ್ಲಿ ಅದುವರೆಗೆ ಹೆಂಗಸರು ಕೂತಿರಲಿಲ್ಲ. ಮನೆಯನ್ನೂ ಅಲ್ಲೇ ಕೊಡುತ್ತಿದ್ದರು.

ಈ ಸಲ ಅವಳು ಕಾಗದವನ್ನು ಮಾವನ ಕೈಯಲ್ಲೇ ಇಟ್ಟಳು. ಅವರು ಓದಿ ಮಡಚಿ ಕೊಟ್ಟರು.

“ನೀವು ಎಂತ ಹೇಳ್ತೀರಿ?” ಎಂದು ಮಹಾಬಲ ಅಪ್ಪನನ್ನು ಕೇಳಿದ. “ನನಗೆ ಅಂಗಡಿ ಇಲ್ಲಿ. ನಾನು ಶನಿವಾರ ಹೋಗಿ ಬರ್ತೇನೆ. ಅವಳು ಅಲ್ಲಿ ಇರುದೇ ಸರಿ ಅಂತ ನನಗೆ ಕಾಣ್ತದೆ.”

ಅಪ್ಪನ ಎದುರು ಅವನು ಇಷ್ಟು ಮಾತಾಡಿದ್ದು ಯಾರಿಗೂ ನೆನಪಿರಲಿಲ್ಲ.

“ನಾನು ಹೇಳುದು ಎಂತ ಉಂಟು?” ಎಂದರು ರೈಗಳು. “ಅಧಿಕಾರ ವಹಿಸುವ ದಿವಸ ರಾಹುಕಾಲ ನೋಡ್ಕೊಳ್ಳಿ. ವಿನೋದಾಳನ್ನು ಅಲ್ಲೇ ಕಾಲೇಜಿಗೆ ಸೇರಿಸಿ. ಆದರೆ ಅವಳು ಪರೀಕ್ಷೆ ಬರೆಯುವ ವರ್ಷ ಅವಳ ಪಟ್ಟಿ ನೀನು ಮುಟ್ಟಬಾರದು, ಅದನ್ನು ಮೊದಲೇ ಬರೆದು ಕೊಡು.”

“ಬರೆದು ಇಟ್ಟಿದ್ದೇನೆ ಮಾವ.”

ಆಗಸ್ಟ್ ಮೂರರಂದು ಎಲ್ಲರೂ ಹೊರಟರು. ಸೀತಕ್ಕ ಹಬ್ಬಕ್ಕೆ ಉಡುವ ಸೀರೆ ಉಟ್ಟಿದ್ದರು. ಆಡಳಿತ ಕಟ್ಟಡದ ಮೊದಲ ಮಹಡಿಯಲ್ಲಿ ಉದ್ದದ ಓಣಿ, ಎರಡೂ ಕಡೆ ಮೇಜುಗಳು. ಹೊಸ ಕುಲಸಚಿವರು ಬರುತ್ತಾರೆಂದು ಗುಮಾಸ್ತರೆಲ್ಲ ಎದ್ದು ನಿಂತಿದ್ದರು. ಎದೆಗೆ ಪಟ್ಟಿ ಕಟ್ಟಿದ ಜವಾನ ಓಡಿ ಬಂದು, ಎಲ್ಲರಿಗಿಂತ ಮುಂದಿದ್ದ ತ್ಯಾಂಪಣ್ಣ ರೈಗಳ ಬಿಳಿ ತಲೆ, ಕೋಟು, ಕೊಡೆ ನೋಡಿ ಬಗ್ಗಿ ನಮಸ್ಕರಿಸಿ, ಕೋಣೆಯ ಬಾಗಿಲು ತೆರೆದು ಹಿಡಿದ.

“ಬನ್ನಿ ಸಾರ್. ತಮ್ಮ ಕೋಣೆ ಇದೇ.”

ರೈಗಳು ಅಲ್ಲೇ ನಿಂತರು. ಹಿಂದೆ ತಿರುಗಿ, ಕೊಡೆಯನ್ನು ಇನ್ನೊಂದು ಕೈಗೆ ಬದಲಾಯಿಸಿ, ಸೊಸೆಗೆ ದಾರಿ ಬಿಟ್ಟರು.

“ನಾನಲ್ಲ ಮಾರಾಯ,” ಎಂದರು ಓಣಿಯುದ್ದಕ್ಕೂ ಕೇಳುವ ಹಾಗೆ. “ಇವರು.”

ಊರ್ಮಿಳಾ ಒಳಗೆ ಹೋದಳು. ಜವಾನ ಗಡಿಬಿಡಿಯಲ್ಲಿ ಉಳಿದವರಿಗೆ ಕುರ್ಚಿ ತರಲು ಹೊರಟ. ರೈಗಳು ಅವನನ್ನು ತಡೆದು ಹೊರಗಿದ್ದ ಮರದ ಬೆಂಚಿನ ಮೇಲೆ ಹೆಂಡತಿಯ ಪಕ್ಕ ಕೂತರು.

“ಬಾಗಿಲು ಹಾಕಿಬಿಡು,” ಎಂದರು. “ಅವರಿಗೆ ಕೆಲಸ ಉಂಟು.”